ತಲೆಕೆಳಗಾದ ಉರಾಬೆ

ಸಾಬಾಎ ಊರಿನಲ್ಲಿ ಕನ್ನಡಕದ ಚೌಕಟ್ಟು ಮಾಡುವ ಒಂದು ಕಾರ್ಖಾನೆಯಲ್ಲಿ ಉರಾಬೆ ತೊಕುಜಿ ಮೂವತ್ತೊಂದು ವರ್ಷ ಮುದ್ರೆ ಒತ್ತಿದ. ಬೇರೆ ಕೆಲಸವನ್ನೂ ಮಾಡಿದ, ಇಲ್ಲವೆಂದಲ್ಲ. ರಜೆಯ ಅರ್ಜಿಗಳನ್ನು ಜೋಡಿಸಿಡುವುದು, ಒಲೆಗೆ ಎಣ್ಣೆ ತರಿಸುವುದು, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತಿಸುವುದು, ಕೆಲಸಗಾರರ ಮನೆಯಲ್ಲಿ ಯಾರಾದರೂ ಸತ್ತರೆ ಕಂಪನಿಯ ಪರವಾಗಿ ಕರಿ ಟೈ ಕಟ್ಟಿಕೊಂಡು ಹೋಗಿ ಬಗ್ಗಿ ನಿಲ್ಲುವುದು, ಎಲ್ಲ ಅವನದೇ. ಆದರೆ ಉರಾಬೆ ಎಂದೊಡನೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಅವನ ಮುದ್ರೆ, ಅದರಲ್ಲೂ ಅದು ಕಾಗದದ ಮೇಲೆ ನಿಲ್ಲುತ್ತಿದ್ದ ಭಂಗಿ.

ಕಚೇರಿಯ ಕಾಗದ ಎಂದಮೇಲೆ ಅದರ ಮೇಲ್ತುದಿಯಲ್ಲಿ ಸಾಲಾಗಿ ಚೌಕಗಳಿರುತ್ತವೆ, ಆ ನಾಡಿನಲ್ಲಿ ಸಹಿಯ ಬದಲು ಒಬ್ಬೊಬ್ಬರೂ ತಮ್ಮ ಹೆಸರಿನ ಮುದ್ರೆ ಒತ್ತುವುದು ಅಲ್ಲಿ. ಬಲತುದಿಯ ಚೌಕ ಎಲ್ಲರಿಗಿಂತ ಕೆಳಗಿನವನದು, ಎಡತುದಿಯದು ಯಜಮಾನರದು. ಕೆಳಗಿನವನು ತನ್ನ ಹೆಸರಿನ ಮುದ್ರೆಯನ್ನು ಕಂಬದ ಹಾಗೆ ನೆಟ್ಟಗೆ ಒತ್ತಿದರೆ ಒರಟ ಅನ್ನಿಸಿಕೊಳ್ಳುತ್ತಾನೆ. ಎಡಕ್ಕೆ ಒಂದಿಷ್ಟು ವಾಲಿಸಬೇಕು, ಮೇಲಿನವರಿಗೆ ತಲೆ ಬಾಗಿಸಿದ ಹಾಗೆ. ಸಾಧಾರಣ ಗುಮಾಸ್ತರು ಕೂದಲೆಳೆಯಷ್ಟು ವಾಲಿಸಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಉರಾಬೆಗೆ ಅಷ್ಟು ಸಾಲದು. ಅವನ ಮುದ್ರೆ ಸೊಂಟದವರೆಗೂ ಬಗ್ಗಿ, ಇನ್ನೇನು ಪಕ್ಕದ ಚೌಕದ ಕಾಲಿಗೆ ಬೀಳುತ್ತದೆ ಎನ್ನುವಂತೆ ನಿಲ್ಲುತ್ತಿತ್ತು. ಪಾಲಿಶ್ ಕೋಣೆಯ ಹೆಂಗಸರು ಅವನಿಗೆ ಬಗ್ಗಪ್ಪ ಎಂದು ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೋಪ ಮಾಡಿಕೊಳ್ಳದಷ್ಟು ಒಳ್ಳೆಯ ಮನುಷ್ಯ.

ಅವನು ಬಗ್ಗುತ್ತಿದ್ದದ್ದು ಭಯಕ್ಕೆ ಎಂದು ಹೇಳುವವರಿದ್ದರು. ಅದು ಅರ್ಧ ನಿಜ. ಇನ್ನರ್ಧ ಬೇರೆಯೇ. ರೈತನ ಮನೆಯ ಮೂರನೆಯ ಮಗ ಅವನು. ಹೊಲ ದೊಡ್ಡಣ್ಣನಿಗೆ, ಎತ್ತು ಎರಡನೆಯವನಿಗೆ, ಇವನಿಗೆ ಉಳಿದದ್ದು ಸೈನ್ಯ. ಯುದ್ಧ ಮುಗಿದು ಎಲುಬಿನ ಗೂಡಾಗಿ ಮರಳಿದವನನ್ನು ಕಾರ್ಖಾನೆ ಕಟ್ಟಿದ ಹಳೆಯ ಯಜಮಾನರು ಕರೆದು, ಕೈಗೊಂದು ಮರದ ಮುದ್ರೆ ಕೊಟ್ಟು, ಕಾಗದದ ಬಲತುದಿಯ ಚೌಕ ತೋರಿಸಿ, ಇನ್ನು ಮೇಲೆ ಇದು ನಿನ್ನದು ಎಂದರು. ಲೋಕದಲ್ಲಿ ತನ್ನದು ಅಂತ ಒಂದು ಚೌಕ ಸಿಕ್ಕಿದ್ದು ಅವನಿಗೆ ಅದೇ ಮೊದಲು. ಆ ಋಣ ಅವನ ಕೈಯಿಂದ ಕೊನೆಯವರೆಗೂ ಇಳಿಯಲಿಲ್ಲ. ಒತ್ತುವ ಕ್ರಮವನ್ನೂ ಹಳೆಯ ಯಜಮಾನರೇ ಕಲಿಸಿದ್ದರು: ಕೆಂಪು ಶಾಯಿ ಹಚ್ಚು, ಬಾಯಿಂದ ಒಮ್ಮೆ ಬಿಸಿ ಉಸಿರು ಬಿಡು, ಒತ್ತು, ಮೂರು ಎಣಿಸು, ತೆಗೆ. ಉರಾಬೆ ಅದರಲ್ಲಿ ಒಂದನ್ನೂ ಬಿಡುತ್ತಿರಲಿಲ್ಲ. ಕಾಗದದಲ್ಲಿ ಏನು ಬರೆದಿದೆ ಎಂದು ಓದುವುದನ್ನು ಮಾತ್ರ ಹಳೆಯ ಯಜಮಾನರು ಕಲಿಸಿರಲಿಲ್ಲ, ಇವನೂ ತಾನಾಗಿ ಕಲಿಯಲು ಹೋಗಲಿಲ್ಲ.

೧೯೭೮ರ ಜನವರಿಯ ಚಳಿಗೆ ಆ ಮರದ ಮುದ್ರೆ ಸೀಳುಬಿಟ್ಟಿತು. ಉರಾಬೆಗೆ ಆಗ ಐವತ್ತನಾಲ್ಕು. ಮಾರ್ಚ್ ಕೊನೆಗೆ ಐವತ್ತೈದು ತುಂಬಿ ನಿವೃತ್ತಿ. ನಿವೃತ್ತರಾದ ಮೇಲೂ ಕೆಲವರನ್ನು ಕಂಪನಿ ಅದೇ ಕುರ್ಚಿಯಲ್ಲಿ ಇನ್ನೈದು ವರ್ಷ ಉಳಿಸಿಕೊಳ್ಳುತ್ತಿತ್ತು. ಉಳಿಸಿಕೊಳ್ಳುವುದೂ ಬಿಡುವುದೂ ಯಜಮಾನರ ಇಷ್ಟ. ಹಳೆಯ ಯಜಮಾನರು ಈಗಿರಲಿಲ್ಲ, ಅವರ ಮಗ ದೋಮೊತೊ ಇದ್ದರು. ಆ ಐದು ವರ್ಷಗಳ ಮೇಲೆ ಉರಾಬೆ ಪ್ರಾಣವನ್ನೇ ಇಟ್ಟುಕೊಂಡಿದ್ದ. ಬೆಳಿಗ್ಗೆ ಎದ್ದು ಆ ಮೇಜಿಗೆ ಹೋಗದಿದ್ದರೆ ಏನು ಮಾಡುವುದೆಂದೇ ಅವನಿಗೆ ತೋಚುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮುದ್ರೆ ಸೀಳಿದ್ದು ಅಪಶಕುನವೆಂದು ಅವನಿಗೆ ಅನ್ನಿಸಿತು, ಆದರೆ ಹೆಂಡತಿ ಕಿಯೊ ಹತ್ತಿರ ಹೇಳಲಿಲ್ಲ, ಹೇಳಿದ್ದರೆ ಅವಳು ನಗುತ್ತಿದ್ದಳು.

ಕಿಯೊ ಮುದ್ರೆ ಕೆತ್ತುವವನ ಅಂಗಡಿಗೆ ಹೋಗಿ ಎಮ್ಮೆಕೊಂಬಿನದೊಂದು ಮಾಡಿಸಿಕೊಂಡು ಬಂದಳು. ಕಪ್ಪಗೆ, ನುಣ್ಣಗೆ, ಕೈಯಲ್ಲಿ ಹಿಡಿದರೆ ತಂಪು. ಒಂದೇ ಕೊರತೆ. ಹಳೆಯ ಮುದ್ರೆಯ ಮೈಯಲ್ಲಿ ಒಂದು ಕಚ್ಚು ಇತ್ತು, ಹೆಬ್ಬೆರಳು ಅಲ್ಲಿ ಕೂತರೆ ಹೆಸರು ನೇರ ಇದೆಯೆಂದು ಲೆಕ್ಕ, ಕಣ್ಣು ಹಾಯಿಸುವ ಅಗತ್ಯವೇ ಇರಲಿಲ್ಲ. ಹೊಸದಕ್ಕೆ ಕಚ್ಚಿಲ್ಲ. ಒಳ್ಳೆಯ ಮುದ್ರೆಗೆ ಕಚ್ಚು ಹಾಕುವುದಿಲ್ಲವಂತೆ. ಒತ್ತುವ ಮುಂಚೆ ಮನುಷ್ಯ ಅದರ ಮುಖ ನೋಡಬೇಕು, ನೋಡುವ ಆ ಗಳಿಗೆಯಲ್ಲಿ ಮತ್ತೊಮ್ಮೆ ಯೋಚಿಸಬೇಕು ಎಂದು ಕೆತ್ತುವವನು ಕಿಯೊಗೆ ಹೇಳಿ ಕಳಿಸಿದ್ದ. ಅವಳು ಅದನ್ನು ಗಂಡನಿಗೆ ಒಪ್ಪಿಸಿದಳು. ಸೋಬಾ ಶಾವಿಗೆಯನ್ನು ಸೊರ್ರೆಂದು ಎಳೆಯುತ್ತಿದ್ದ ಉರಾಬೆ ಹೂಂ ಎಂದ.

ಫೆಬ್ರವರಿಯ ಮೊದಲ ಸೋಮವಾರ ಅವನ ಮೇಜಿಗೆ ನಲವತ್ತು ಕಾಗದ ಬಂದವು. ನಡುವೆ ಎಣ್ಣೆಯವನ ಫೋನ್. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೌದು ಹೌದು ಎನ್ನುತ್ತಾ, ಉರಾಬೆ ಕೆಂಪು ಹಚ್ಚಿದ, ಉಸಿರು ಬಿಟ್ಟ, ಒತ್ತಿದ, ಮೂರು ಎಣಿಸಿದ, ತೆಗೆದ. ಹಾಗೆ ಒತ್ತಿದ ಒಂದು ಕಾಗದ ಮುಂದಿನ ಮೇಜಿಗೆ ಹೋಯಿತು. ಅಲ್ಲಿ ವಿಭಾಗದ ಮುಖ್ಯಸ್ಥ ನಿಶಿಗಾಕಿ ತನ್ನದನ್ನು ಒತ್ತಿದ. ಉರಾಬೆಯ ಚೌಕದ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ಮೂವತ್ತೊಂದು ವರ್ಷ ಬಗ್ಗಿಯೇ ನಿಂತದ್ದನ್ನು ದಿನಾ ಯಾರು ನೋಡುತ್ತಾರೆ?

ನೋಡಿದ್ದು ಕಾರ್ಖಾನೆಯ ಮೇಲ್ವಿಚಾರಕ. ಅವನ ಕೈಯಲ್ಲಿದ್ದ ಮುದ್ರೆ ಅಲ್ಲೇ ನಿಂತಿತು. ಬಲತುದಿಯ ಚೌಕದಲ್ಲಿ ಉರಾಬೆಯ ಹೆಸರು ಬಗ್ಗಿರಲಿಲ್ಲ, ವಾಲಿರಲಿಲ್ಲ, ಕಾಲು ಮೇಲೆ ತಲೆ ಕೆಳಗೆ ಮಾಡಿ ಗಟ್ಟಿಯಾಗಿ ನಿಂತಿತ್ತು. ತಲೆಕೆಳಗು ಮುದ್ರೆಗೆ ಕಚೇರಿಗಳಲ್ಲಿ ಅರ್ಥ ಒಂದೇ: ಕಾಗದ ನೋಡಿದ್ದೇನೆ, ನನಗೆ ಒಪ್ಪಿಗೆ ಇಲ್ಲ. ಬಾಯಿ ಬಿಟ್ಟು ಹೇಳಲಾಗದ್ದನ್ನು ಹೇಳುವ ದಾರಿ ಅದು. ಹೀಗೂ ಮಾಡುತ್ತಾರೆ ಎಂದು ಎಲ್ಲರೂ ಕೇಳಿದ್ದರು. ಈ ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ. ಉರಾಬೆಯಂಥವನೇ ತಲೆಕೆಳಗಾಗಿದ್ದಾನೆ ಅಂದರೆ ಇದರೊಳಗೆ ಏನೋ ಇದೆ ಎಂದುಕೊಂಡ ಮೇಲ್ವಿಚಾರಕ ತನ್ನ ಮುದ್ರೆ ಒಳಗಿಟ್ಟು, ಕಾಗದವನ್ನು ಮೇಜಿನ ಖಾನೆಗೆ ಸೇರಿಸಿ ಬೀಗ ಹಾಕಿದ.

ಆ ಕಾಗದ ಸಾಮಾನ್ಯದ್ದಲ್ಲ. ಚೌಕಟ್ಟು ಉಜ್ಜಲು ತಿರುಗುವ ಪೀಪಾಯಿಯಂಥ ಯಂತ್ರ ತರುವುದು, ಮಾರ್ಚ್ ಕೊನೆಗೆ ಪಾಲಿಶ್ ಕೋಣೆ ಮುಚ್ಚುವುದು, ಅಲ್ಲಿನ ಏಳು ಹೆಂಗಸರನ್ನು ಮನೆಗೆ ಕಳಿಸುವುದು, ಇದು ಅದರ ಸಾರ. ಎಲ್ಲ ಚೌಕ ತುಂಬಿ ಎಡತುದಿಗೆ ತಲುಪಿದರೆ ಕೆಲಸ ಮುಗಿದ ಹಾಗೆ. ಒಂದು ಚೌಕ ತುಂಬದೆ ಕೂತರೆ ಯಜಮಾನರೂ ಒತ್ತುವಂತಿಲ್ಲ.

ಇಷ್ಟೆಲ್ಲ ಆದದ್ದು ಉರಾಬೆಯೊಬ್ಬನಿಗೆ ಬಿಟ್ಟು ಎರಡೇ ದಿನಗಳಲ್ಲಿ ಇಡೀ ಕಾರ್ಖಾನೆಗೆ ಗೊತ್ತಾಯಿತು. ಮಂಗಳವಾರ ಅವನ ಚಹಾ ಎಂದಿಗಿಂತ ಬಿಸಿಯಾಗಿ ಬಂತು. ಬುಧವಾರ ಮೇಜಿನ ಮೇಲೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಉಪ್ಪು ಬಂಗಡೆ, ಅಕ್ಕಿ ತೌಡಿನಲ್ಲಿ ವರ್ಷಗಟ್ಟಲೆ ಊರಿಸಿದ್ದು. ಯಾರು ಇಟ್ಟರೋ ಗೊತ್ತಿಲ್ಲ. ಮೆಟ್ಟಿಲಲ್ಲಿ ಎದುರಾದ ಹುಡುಗಿಯರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಉರಾಬೆ ತನ್ನ ಪ್ಯಾಂಟಿನ ಗುಂಡಿ ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡ.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಯೊನೆಜು ಹಮಾ ಅವನ ಮೇಜಿನ ಹತ್ತಿರ ಬಂದಳು. ಪಾಲಿಶ್ ಕೋಣೆಯ ಹಿರಿಯಳು, ಐವತ್ತೆರಡು ವರ್ಷದ ಗಟ್ಟಿಗಿತ್ತಿ, ಬಾಯಿ ಕತ್ತರಿ. ಬಗ್ಗಪ್ಪ ಎಂಬ ಹೆಸರು ಹುಟ್ಟಿದ್ದೇ ಅವಳ ಬಾಯಲ್ಲಿ. ಅಂಥವಳು ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು, ಅವನ ಮುಂದೆ ಸೊಂಟ ಮಡಿಸಿ ಬಗ್ಗಿ ನಿಂತಳು.

"ಉರಾಬೆಸಾನ್, ಇಷ್ಟು ವರ್ಷ ನಿಮ್ಮನ್ನ ಏನೇನೋ ಅಂದಿದೀನಿ. ಮನಸ್ಸಿಗೆ ಹಚ್ಕೋಬೇಡಿ. ನಮ್ ಏಳು ಜನಕ್ಕೋಸ್ಕರ ನೀವು ಮುದ್ರೆ ತಲೆಕೆಳಗ್ ಮಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

ಉರಾಬೆಗೆ ಆಗ ಹೊಳೆಯಿತು. ಹೊಳೆದದ್ದೇ ತಡ, ಅಯ್ಯೋ ಅದು ಕೈತಪ್ಪು ಎನ್ನಲು ಬಾಯಿ ತೆರೆದ. ಹಮಾಳ ಮುಖ ನೋಡಿ ಮುಚ್ಚಿದ. ಏನೋ ಗೊಣಗಿ, ಚಹಾದ ಲೋಟ ಎತ್ತಿಕೊಂಡು, ಖಾಲಿ ಲೋಟದಿಂದಲೇ ಗುಟುಕರಿಸಿದ.

ಸಂಜೆ ಮನೆಗೆ ಬಂದು ಬೆಚ್ಚನೆಯ ಕೋತಾತ್ಸು ಮೇಜಿನ ಹೊದಿಕೆಯೊಳಗೆ ಕಾಲು ತೂರಿಸಿ ಕಿಯೊಗೆ ಎಲ್ಲ ಹೇಳಿದ. ಕಿಯೊ ನಕ್ಕಳು. ನಗುನಗುತ್ತಾ ಮೇಜಿನ ಮೇಲೆ ಒರಗಿದಳು, ಕಣ್ಣೀರು ಒರೆಸಿಕೊಂಡಳು, ಮತ್ತೆ ನಕ್ಕಳು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಗಂಡ ಇಷ್ಟು ದೊಡ್ಡ ಕೆಲಸ ಮಾಡಿದ್ದಿಲ್ಲ, ಅದನ್ನೂ ಗೊತ್ತಿಲ್ಲದೆ ಮಾಡಿಬಿಟ್ಟಿದ್ದಾನೆ ಎಂದು ಅವಳಿಗೆ ತಡೆಯಲಾಗದ ಖುಷಿ. ಉರಾಬೆಗೆ ಮಾತ್ರ ತುತ್ತು ಇಳಿಯಲಿಲ್ಲ. ನಾಳೆ ಹೋಗಿ ತಪ್ಪಾಯಿತೆಂದು ಹೇಳಿ ಸರಿಯಾಗಿ ಒತ್ತಿಬಿಡುತ್ತೇನೆ, ಇಲ್ಲದಿದ್ದರೆ ಐದು ವರ್ಷವೂ ಹೋಯಿತು ಕುರ್ಚಿಯೂ ಹೋಯಿತು ಎಂದ. ಹೇಳಿಬಿಡಿ, ಸುಳ್ಳು ಮೆರವಣಿಗೆ ಎಷ್ಟು ದಿನ ಮಾಡಿಸಿಕೊಳ್ಳುತ್ತೀರಿ ಎಂದು ಅವಳೂ ಒಪ್ಪಿದಳು. ತಟ್ಟೆ ಎತ್ತುತ್ತಾ ಒಂದು ಮಾತು ಕೇಳಿದಳು.

"ಅಲ್ಲಾ ರೀ, ಆ ಕಾಗದ್ದಲ್ಲಿ ಏನ್ ಬರ್ದಿತ್ತು? ನೀವ್ ಓದಿದ್ರಾ?"

ಉರಾಬೆ ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡ. ಕಿಯೊ ಮತ್ತೆ ಕೇಳಲಿಲ್ಲ. ನಗು ಮಾತ್ರ ಅಲ್ಲಿಗೆ ನಿಂತಿತು.

ಮರುದಿನ ಅವನು ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋಗಿ, ಕಡತದಲ್ಲಿದ್ದ ನಕಲು ತೆಗೆದು, ಕೋಟು ಕೂಡ ಬಿಚ್ಚದೆ ಓದಲು ಕೂತ. ನಾಲ್ಕು ಹಾಳೆ. ಯಂತ್ರದ ಅಳತೆ, ಅದು ಗಂಟೆಗೆ ಎಷ್ಟು ಚೌಕಟ್ಟು ಉಜ್ಜುತ್ತದೆ ಎಂಬ ವಿವರ. ಮೂರನೆಯ ಹಾಳೆಯಲ್ಲಿ ಏಳು ಹೆಸರು, ಎದುರಿಗೆ ಒಬ್ಬೊಬ್ಬರದೂ ಸೇವೆಯ ವರ್ಷ. ಯೊನೆಜು ಹಮಾ, ಇಪ್ಪತ್ತೊಂಬತ್ತು. ಅವಳ ಗಂಡ ತೀರಿಕೊಂಡಾಗ ಕರಿ ಟೈ ಕಟ್ಟಿಕೊಂಡು ಹೋಗಿದ್ದು ಉರಾಬೆಯೇ. ಆಗ ಅವಳ ಮಗಳಿಗೆ ನಾಲ್ಕು ವರ್ಷ. ನಾಲ್ಕನೆಯ ಹಾಳೆಯ ಕೊನೆಯಲ್ಲಿ ಒಂದು ಸಾಲು: ಮೇಲ್ಕಂಡ ಏಳು ಜನರನ್ನೂ ವಿಚಾರಿಸಲಾಗಿದೆ, ಯಾರಿಂದಲೂ ಆಕ್ಷೇಪವಿಲ್ಲ, ಆಡಳಿತ ವಿಭಾಗ ಇದನ್ನು ಖಚಿತಪಡಿಸಿದೆ.

ಆಡಳಿತ ವಿಭಾಗದಲ್ಲಿ ಇಂಥದ್ದನ್ನು ವಿಚಾರಿಸಬೇಕಾದವನು ಅವನೇ. ಅವನು ಯಾರನ್ನೂ ವಿಚಾರಿಸಿರಲಿಲ್ಲ. ವಿಚಾರಿಸು ಎಂದು ಅವನಿಗೆ ಯಾರೂ ಹೇಳಿರಲೂ ಇಲ್ಲ. ಈ ಸಾಲು ಇಂಥ ಕಾಗದಗಳ ಕೊನೆಯಲ್ಲಿ ಯಾವಾಗಲೂ ಇರುತ್ತದೆ, ಅದರ ಮೇಲೆ ಅವನ ಮುದ್ರೆಯೂ ಯಾವಾಗಲೂ ಬೀಳುತ್ತದೆ. ಹತ್ತು ವರ್ಷದ ಹಿಂದೆ ಪ್ಯಾಕಿಂಗ್ ವಿಭಾಗದ ಮುದುಕರನ್ನು ಕಳಿಸಿದಾಗಲೂ ಇದೇ ಸಾಲು ಇದ್ದಿರಬೇಕು. ಉರಾಬೆಗೆ ನಾಚಿಕೆಯಾಯಿತು. ಒಲೆ ಹೊತ್ತಿಸುವುದನ್ನೂ ಮರೆತು ಆ ಚಳಿಯಲ್ಲಿ ಹಾಗೇ ಕೂತಿದ್ದ.

ಹತ್ತು ಗಂಟೆಗೆ ಯಜಮಾನರಿಂದ ಕರೆ ಬಂತು. ದೋಮೊತೊ ಕಿಟಕಿಯ ಹತ್ತಿರ ನಿಂತಿದ್ದರು, ನಿಶಿಗಾಕಿ ಪಕ್ಕದಲ್ಲಿ ಬೆವರುತ್ತಿದ್ದ. ಮೇಜಿನ ಮೇಲೆ ಹೊಸದಾಗಿ ಬೆರಳಚ್ಚು ಮಾಡಿದ ಅದೇ ಕಾಗದ, ಚೌಕಗಳೆಲ್ಲ ಖಾಲಿ, ಪಕ್ಕದಲ್ಲಿ ಮುಚ್ಚಳ ತೆಗೆದ ಕೆಂಪಿನ ಡಬ್ಬಿ. ದೋಮೊತೊ ಕೆಟ್ಟವರಲ್ಲ. ಕೂರಲು ಹೇಳಿದರು, ಕಿಯೊ ಹೇಗಿದ್ದಾಳೆ ಎಂದು ಕೇಳಿದರು, ಏಪ್ರಿಲ್‌ನಿಂದಾಚೆಯ ಐದು ವರ್ಷದ ಕಾಗದವನ್ನೂ ಈ ವಾರವೇ ನೋಡುತ್ತಿದ್ದೇನೆ ಎಂದು ಮೆಲ್ಲಗೆ ಸೇರಿಸಿದರು. ಆಮೇಲೆ, ಕೈತಪ್ಪುವುದು ಎಲ್ಲರಿಗೂ ಆಗುವುದೇ, ಇದರ ಮೇಲೆ ಇನ್ನೊಂದು ಒತ್ತಿಬಿಡಿ ಎಂದರು.

ಉರಾಬೆ ಎದ್ದು ನಿಂತು ಬಗ್ಗಿದ. ಹೌದು, ಅದು ಕೈತಪ್ಪು, ಹೊಸ ಮುದ್ರೆಗೆ ಕಚ್ಚಿಲ್ಲ, ನೋಡದೆ ಒತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಿಶಿಗಾಕಿಗೆ ಹೋದ ಜೀವ ಬಂತು. ದೋಮೊತೊ ನಕ್ಕು ಕಾಗದವನ್ನು ಇವನ ಕಡೆ ಸರಿಸಿದರು.

ಉರಾಬೆ ಜೇಬಿನಿಂದ ಮುದ್ರೆ ತೆಗೆದ. ತಿರುಗಿಸಿ ಅದರ ಮುಖ ನೋಡಿದ. ತನ್ನ ಹೆಸರೇ, ಆದರೆ ಅಷ್ಟು ಹೊತ್ತು ಅದನ್ನು ದಿಟ್ಟಿಸಿ ನೋಡಿದ್ದು ಅದೇ ಮೊದಲು. ಕೆಂಪು ಹಚ್ಚಲಿಲ್ಲ. ಮೆಲ್ಲಗೆ ಕಾಗದದ ಪಕ್ಕದಲ್ಲಿ ಅಡ್ಡ ಮಲಗಿಸಿದ.

"ಏಳು ಜನರನ್ನ ಕೇಳಿದೀನಿ ಅಂತ ಇದರಲ್ಲಿ ಬರ್ದಿದೆ," ಎಂದ. "ನಾನ್ ಕೇಳಿಲ್ಲ. ಕೇಳ್ಕೊಂಡ್ ಬಂದು ಒತ್ತೀನಿ. ಇವತ್ತೇ ಒತ್ತಲೇಬೇಕು ಅಂದ್ರೆ ಅದು ತಲೆಕೆಳಗಾಗೇ ಬೀಳತ್ತೆ ಯಜಮಾನ್ರೆ. ಈ ಸಲ ನೋಡ್ಕೊಂಡೇ ಒತ್ತೀನಿ."

ಒಲೆಯ ಮೇಲಿನ ಕೆಟಲ್ ಒಂದೇ ಸಮ ಕುದಿಯುತ್ತಿತ್ತು. ದೋಮೊತೊ ಕಾಗದ ಎತ್ತಿ ಕೊನೆಯ ಹಾಳೆ ತೆಗೆದು ಆ ಸಾಲನ್ನು ತಾವೇ ಓದಿದರು. ಅವರೂ ಅದನ್ನು ಓದಿದ್ದು ಅದೇ ಮೊದಲು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಕೇಳಿಕೊಂಡು ಬನ್ನಿ ಎಂದರು. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಟ್ಟರೆ ಒಳ್ಳೆಯದು, ಕೇಳುವವರ ಜೀವಕ್ಕೂ ನೆಮ್ಮದಿ. ಯಂತ್ರ ಬಂತು. ಮೂಗಿನ ಮೇಲೆ ಕೂರುವ ಸಂದಿಯನ್ನು ಉಜ್ಜಲು ಅದಕ್ಕೆ ಬರಲಿಲ್ಲ, ಅದಕ್ಕೆ ಕೈಯೇ ಬೇಕಾಯಿತು. ಏಳರಲ್ಲಿ ಇಬ್ಬರು ತಾವಾಗಿಯೇ ಬಿಟ್ಟರು, ಐವರು ಉಳಿದರು. ಉರಾಬೆಗೆ ಐದು ವರ್ಷ ಸಿಗಲಿಲ್ಲ. ಮಾರ್ಚ್ ಮೂವತ್ತೊಂದಕ್ಕೆ ಹೂಗುಚ್ಛ ಕೊಟ್ಟು ಕಳಿಸಿದರು. ಅವನು ಬಹಳ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಶರಟು ಹಾಕಿಕೊಂಡು, ಎಲ್ಲಿಗೂ ಹೋಗಲಿಕ್ಕಿಲ್ಲದೆ ಹಿತ್ತಲ ಮೂಲಂಗಿ ಪಾತಿಯ ಹತ್ತಿರ ನಿಲ್ಲುತ್ತಿದ್ದ. ಅದನ್ನು ನೋಡಿ ಕಿಯೊಗೆ ಸಂಕಟವಾಗುತ್ತಿತ್ತು. ಆದರೂ ಗಂಡನ ಬಗ್ಗೆ ಅವಳಿಗೆ ಆ ವರ್ಷ ಬಂದಷ್ಟು ಹೆಮ್ಮೆ ಹಿಂದೆಂದೂ ಬಂದಿರಲಿಲ್ಲ, ಅದನ್ನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದಳು ಕೂಡ.

ಇರಲಿ. ಆ ಶುಕ್ರವಾರ ಅವನು ಯಜಮಾನರ ಕೋಣೆಯಿಂದ ಹೊರಟವನು ನೇರ ಪಾಲಿಶ್ ಕೋಣೆಗೆ ಹೋದ. ಕೈಯಲ್ಲಿ ಬಿಳಿ ಹಾಳೆ, ಪೆನ್ಸಿಲ್, ರಬ್ಬರು, ಅಡಿಪಟ್ಟಿ. ಉಜ್ಜುವ ಚಕ್ರಗಳು ಒಂದೊಂದಾಗಿ ನಿಂತವು. ಏಳು ಜನರೂ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದರು. ಉರಾಬೆ ಮೊದಲು ಹೇಳಿದ್ದು ಸತ್ಯವನ್ನು: ಸೋಮವಾರದ್ದು ಕೈತಪ್ಪು, ನಿಮಗೋಸ್ಕರ ಮಾಡಿದ್ದಲ್ಲ, ಬಂಗಡೆ ತಿಂದು ಆಗಿದೆ, ಕ್ಷಮಿಸಬೇಕು.

ಕಿರಿಯಳೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಹಮಾಳ ಮುಖದಲ್ಲಿ ಏನೋ ಆರಿಹೋದದ್ದು ಉರಾಬೆಗೆ ಕಂಡಿತು, ಅದನ್ನು ನೋಡುವುದು ಅವನಿಗೆ ಯಜಮಾನರ ಮುಂದೆ ನಿಂತದ್ದಕ್ಕಿಂತ ಕಷ್ಟವಾಯಿತು.

"ಮತ್ತೆ ಈಗ್ಯಾಕ್ ಬಂದ್ರಿ?" ಎಂದಳು ಹಮಾ.

ಉರಾಬೆ ಕಾಗದದಲ್ಲಿದ್ದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ, ಆ ಕೊನೆಯ ಸಾಲನ್ನೂ ಬಿಡದೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಇಲ್ಲವೇ ಎಂದು ಒಬ್ಬೊಬ್ಬರನ್ನೇ ಕೇಳಲು ಬಂದಿದ್ದೇನೆ, ಹಿರಿಯರಿಂದ ಶುರು ಮಾಡುತ್ತೇನೆ ಎಂದ. ಪೆನ್ಸಿಲ್ ಹಿಡಿದು ಹಮಾಳ ಮುಂದಿನ ಮಣೆಯ ಮೇಲೆ ಕೂತ.

ಹಮಾ ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನನಗೆ ಇಷ್ಟ ಇಲ್ಲ, ಬರ್ಕೊಳ್ಳಿ ಎಂದಳು.

ಉರಾಬೆ ಬರೆದುಕೊಂಡ. ಬರೆದದ್ದನ್ನು ಓದಿದ: "ಯೊನೆಜು ಹಮಾ. ಒಪ್ಪಿಗೆ ಇಲ್ಲ."

"ಇನ್ನೊಂದ್ ಸಲ ಓದಿ."

ಅವನು ಇನ್ನೊಂದು ಸಲ ಓದಿದ. ಹಮಾ ಏಪ್ರನ್ನಿನ ಜೇಬಿನಿಂದ ತನ್ನ ಪುಟ್ಟ ಮುದ್ರೆ ತೆಗೆದಳು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಗ್ಗದ್ದು. ತಿಂಗಳಿಗೊಮ್ಮೆ ಸಂಬಳ ಮುಟ್ಟಿತೆಂದು ಒತ್ತುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಬಳಸಿರಲಿಲ್ಲ. ಎಲ್ಲಿ ಒತ್ತುವುದು ಎಂದು ಹಾಳೆಯ ಮೇಲೆ ಹುಡುಕಿದಳು. ಉರಾಬೆ ಅವಳ ಹೆಸರಿನ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಕಚೇರಿಯ ಕಾಗದದಲ್ಲಿರುವಷ್ಟೇ ಅಳತೆಯ ಒಂದು ಚೌಕ ಎಳೆದ.

ಹಮಾ ಬಗ್ಗಿ ಅದನ್ನು ನೋಡಿದಳು. ಮೂಗೊರೆಸಿಕೊಂಡಳು.

"ಇಷ್ಟೇನಾ? ಸ್ವಲ್ಪ ದೊಡ್ಡದಾಗಿ ಎಳೀರಿ, ಮಾರಾಯ್ರೆ."

ಉರಾಬೆ ರಬ್ಬರಿನಿಂದ ಗೆರೆ ಅಳಿಸಿ, ಪುಡಿ ಊದಿ, ಮತ್ತೆ ಎಳೆದ.